ಕಕ್ಕಬೆಯ ಜಗಲಿಯಲ್ಲಿ ಆಲ್ಬಮ್‌ಗಳ ನಾಕೌಟ್

ಹಾಡನ್ನು ಸುಮ್ಮನೆ ಕೇಳುವವರಿಗೆ ಏನೂ ಆಗುವುದಿಲ್ಲ. ಯಾವುದು ಮೇಲು ಎಂದು ತೂಗಿ ನೋಡಲು ಕೂತವರ ಪಾಡು ಮಾತ್ರ, ನಾನು ಕಂಡಂತೆ, ಒಂದು ದಿನವೂ ನೆಟ್ಟಗಿರುವುದಿಲ್ಲ.

ಕಕ್ಕಬೆಯಲ್ಲಿ ನನ್ನದೊಂದು ಪುಟ್ಟ ಹೋಂಸ್ಟೇ. ನನಗೆ ಇಂಡಿ ರಾಕ್ ಹುಚ್ಚು. ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕು ಜನ ಗೆಳೆಯರು ಗಿಟಾರು, ಡ್ರಮ್ಸು ಹಿಡಿದು ತಾವೇ ಮಾಡಿ ಹೊರತರುವ ಹಾಡುಗಳು. ಇದೇ ಹುಚ್ಚಿನವರು ಇನ್ನಿಬ್ಬರು: ಪಕ್ಕದ ಎಸ್ಟೇಟಿನಲ್ಲಿ ಕೆಲಸದವರ ಹಾಜರಿ ಹಿಡಿಯುವ ರೈಟರು ಮತ್ತು ನಾಪೋಕ್ಲಿನಿಂದ ಬಸ್ಸಿನಲ್ಲಿ ಬರುವ ಗಣಿತದ ಮೇಷ್ಟ್ರು. ಕಳೆದ ವರ್ಷ ಮೂವರೂ ಸೇರಿ ಎಂಟು ಆಲ್ಬಮ್ ಆರಿಸಿ, ಹಾಕಿ ಟೂರ್ನಮೆಂಟಿನ ಹಾಗೆ ನಾಕೌಟ್ ಇಟ್ಟೆವು. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಎರಡು ಆಲ್ಬಮ್ ಎದುರುಬದುರು. ಸೋತದ್ದು ಮನೆಗೆ.

"ಗೆದ್ದವರಿಗೆ ಎಂತ ಕೊಡ್ತೀರಿ?" ಎಂದು ಹೆಂಡತಿ ಕೇಳಿದಳು.

"ಎಂತ ಕೊಡೋದು? ಪಂದ್ಯ ಆಡ್ತಾ ಇದ್ದೇವೆ ಅಂತ ಅವರಿಗೇ ಗೊತ್ತಿಲ್ಲ."

ಗ್ರೇಸ್ ಮಾರ್ಕು

ಮೊದಲ ಪಂದ್ಯಕ್ಕೆ ಮೇಷ್ಟ್ರು ಕೆಂಪು ಪೆನ್ನು ತಂದಿದ್ದರು. ಒಂದೊಂದು ಹಾಡಿಗೂ ಹತ್ತರಲ್ಲಿ ಅಂಕ. ಎರಡೂ ಆಲ್ಬಮ್ ಮುಗಿದ ಮೇಲೆ ಕೂಡಿಸಿ, "ಎಪ್ಪತ್ತಾರು, ಎಪ್ಪತ್ತಾರು. ಸಮ" ಎಂದರು.

ನನಗೆ ಅನುಮಾನ ಬಂತು. ಕಾಗದ ಇಸಿದುಕೊಂಡು ನೋಡಿದರೆ, ಒಂದು ಹಾಡಿಗೆ ಎರಡು ಅಂಕ ಕೊಟ್ಟು, ಹೊಡೆದು ಹಾಕಿ, ಐದು ಮಾಡಿದ್ದಾರೆ.

"ಇದೆಂತದು ಮೇಷ್ಟ್ರೇ?"

"ಆ ಹಾಡು ನಿಜಕ್ಕೂ ಕೆಟ್ಟದಾಗಿತ್ತು ಮಾರಾಯ. ಗ್ರೇಸ್ ಕೊಟ್ಟೆ."

"ಹಾಡಿಗೆ ಯಾಕೆ ಗ್ರೇಸು?"

"ಅಭ್ಯಾಸ. ಫೇಲ್ ಮಾಡಿದರೆ ಹೆಡ್‌ಮಾಸ್ಟರು ನನ್ನನ್ನೇ ಕೇಳ್ತಾರೆ, ನೀವು ಎಂತ ಪಾಠ ಮಾಡಿದ್ದು ಅಂತ."

ಕಾಫಿ ಕೊಯ್ಲಿನ ತೀರ್ಪು

ಎರಡನೇ ಪಂದ್ಯದಲ್ಲಿ ನಮಗೆ ಒಮ್ಮತ ಬರಲಿಲ್ಲ. ಜನರ ಅಭಿಪ್ರಾಯವೂ ಇರಲಿ ಎಂದು ರೈಟರು ಮರುದಿನ ಸ್ಪೀಕರ್ ಹಿಡಿದು ಪಿಕಿಂಗ್ ನಡೆಯುವ ಕಡೆ ಹೋದರು. ಬೆಳಿಗ್ಗೆ ಒಂದು ಆಲ್ಬಮ್, ಊಟದ ಮೇಲೆ ಇನ್ನೊಂದು. ಹೆಂಗಸರು ಕಾಫಿ ಹಣ್ಣು ಕುಯ್ಯುತ್ತಲೇ ಕೇಳಿದರು. ಸಂಜೆ ಅವರಲ್ಲಿ ಹಿರಿಯಳಾದ ಒಬ್ಬಳು ತೀರ್ಪು ಹೇಳಿದಳು.

"ಬೆಳಿಗ್ಗೆ ಹಾಕಿದ್ದೇ ಒಳ್ಳೇದು ಸಾರ್. ಕೈ ಬೇಗ ಓಡ್ತದೆ."

"ಮಧ್ಯಾಹ್ನದ್ದು?"

"ಅದು ಹಾಕಿದ್ರೆ ಗಂಡನ ನೆನಪು ಬರ್ತದೆ."

ರೈಟರಿಗೆ ಖುಷಿಯಾಯಿತು. "ಮತ್ತೆ? ಅದೇ ಅಲ್ವಾ ಒಳ್ಳೇ ಸಂಗೀತ?"

"ಎಂತದು ಸಾರ್ ನೀವು! ಅವರನ್ನು ಮರೆಯಲಿಕ್ಕೇ ನಾವು ಕೆಲಸಕ್ಕೆ ಬರೋದು."

ಅವ್ವನ ಹುಡುಗ

ಒಂದು ಆಲ್ಬಮ್‌ನಲ್ಲಿ ಒಬ್ಬನೇ ಒಬ್ಬ ಗಾಯಕ. ಇಂಗ್ಲಿಷಿನಲ್ಲಿ, ಪಿಸುದನಿಯಲ್ಲಿ, ಅಳು ತಡೆದುಕೊಂಡು ಹಾಡುತ್ತಾನೆ. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಅವ್ವ ಮೊರ ಹಿಡಿದೇ ಹೊರಗೆ ಬಂದರು.

"ಯಾರದು? ಆ ಹುಡುಗನಿಗೆ ಎಂತ ಆಗಿದೆ?"

"ಪ್ರೀತಿ ಮಾಡಿದವಳು ಬಿಟ್ಟು ಹೋಗಿದ್ದಾಳೆ ಅವ್ವ."

"ಅಯ್ಯೋ ಪಾಪ" ಎನ್ನುತ್ತಾ ಅವ್ವ ಅಲ್ಲೇ ಕೂತು ಹತ್ತೂ ಹಾಡು ಕೇಳಿದರು. ನಡುವೆ ಎರಡು ಸಲ, "ಈಗಲಾದರೂ ಬಂದಳಾ?" ಎಂದು ವಿಚಾರಿಸಿದರು. ಬಂದಿರಲಿಲ್ಲ.

ಮತ ಹಾಕಿದಾಗ ಆ ಹುಡುಗ ಎರಡು–ಒಂದರಲ್ಲಿ ಸೋತ. ಅವ್ವ ಎದ್ದು ನಿಂತರು. "ಮೊದಲೇ ನೊಂದವನು. ಅವನನ್ನು ಸೋಲಿಸಲಿಕ್ಕೆ ಮೂರು ಜನ ಗಂಡಸರು ಬೇಕಾಯ್ತಾ ನಿಮಗೆ?"

ಅವತ್ತು ಒಳಗಿನಿಂದ ಕಾಫಿ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಕಾಫಿ ಬೆಳೆಯುವ ಊರಿನಲ್ಲಿ ಬರೀ ನೀರು ಕುಡಿದು ಎಷ್ಟು ದಿನ ಕೂರುವುದು? ಕೊನೆಗೆ ಮೇಷ್ಟ್ರು ಮರುಮೌಲ್ಯಮಾಪನಕ್ಕೆ ಒಪ್ಪಿ ತಮ್ಮ ಮತ ಬದಲಿಸಿದರು. ಹುಡುಗ ಸೆಮಿಫೈನಲ್ ಸೇರಿದ, ಅವ್ವನ ಕೋಟಾದಲ್ಲಿ.

ಫೈನಲ್

ಫೈನಲ್‌ಗೆ ಉಳಿದದ್ದು ಎರಡು. ರೈಟರು ಆರಿಸಿದ ವಿದೇಶಿ ತಂಡದ್ದು ಒಂದು. ಇನ್ನೊಂದು ನನ್ನದು: ನಮ್ಮ ಬೆಂಗಳೂರಿನದೇ ತಂಡ, ಒಂದೇ ಒಂದು ಆಲ್ಬಮ್ ತಂದು ಚದುರಿಹೋದದ್ದು. ಹೋಂಸ್ಟೇ ಶುರುಮಾಡಿದ ವರ್ಷ ನಮ್ಮಲ್ಲಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಖಾಲಿ ರೂಮುಗಳ ದೂಳು ಹೊಡೆಯುತ್ತಾ ದಿನಾ ಅದೇ ಸಿ.ಡಿ. ಕೇಳಿ ಧೈರ್ಯ ತಂದುಕೊಂಡಿದ್ದೆ. ಅದು ಸೋಲುವುದೆಂದರೆ ನನಗೆ ಮನೆಯವರೇ ಸೋತಂತೆ.

ಅಂದು ಮೇಷ್ಟ್ರು ಮದುವೆಗೆಂದು ಕುಶಾಲನಗರಕ್ಕೆ ಹೋಗಿದ್ದರು. ನನ್ನ ಮತ ನನ್ನದಕ್ಕೆ, ರೈಟರ ಮತ ಅವರದಕ್ಕೆ. ಹಿಂದಿನ ದಿನ ಬಂದಿಳಿದಿದ್ದ ಅತಿಥಿಯೊಬ್ಬರು ಜಗಲಿಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಐವತ್ತರ ಆಸುಪಾಸು, ಮಾತು ಕಡಿಮೆ. ಮೂರನೇ ಮತ ಅವರೇ ಹಾಕಲಿ ಎಂದೆವು. ಅವರು ಕಣ್ಣು ಮುಚ್ಚಿಕೊಂಡು ಎರಡನ್ನೂ ಪೂರ್ತಿ ಕೇಳಿದರು.

"ವಿದೇಶದ್ದೇ ಮೇಲು" ಎಂದರು. "ಬೆಂಗಳೂರಿನದರಲ್ಲಿ ಡ್ರಮ್ಸ್ ಬಾರಿಸಿದವನಿಗೆ ತಾಳ್ಮೆ ಇಲ್ಲ. ಮೂರನೇ ಹಾಡಿನಲ್ಲಿ ಎಲ್ಲರನ್ನೂ ಬಿಟ್ಟು ಓಡ್ತಾನೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅತಿಥಿ ಎಂಬುದೂ ಮರೆತುಹೋಯಿತು.

"ಕೂತಲ್ಲಿಂದ ಹೇಳೋದು ಸುಲಭ ಸಾರ್! ನನ್ನ ಕಷ್ಟಕಾಲದಲ್ಲಿ ಕೈಹಿಡಿದ ಹಾಡುಗಳು ಅವು. ಧೈರ್ಯ ಇದ್ದರೆ ಈ ಮಾತನ್ನು ಆ ಡ್ರಮ್ಮರ್‌ನ ಮುಖ ನೋಡಿ ಹೇಳಿ!"

"ದಿನಾ ಹೇಳ್ತೇನಲ್ಲ" ಎಂದರು ಅವರು, "ಬೆಳಿಗ್ಗೆ ಗಡ್ಡ ಹೆರೆಯುವಾಗ."

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕವಳು ನನ್ನ ಹೆಂಡತಿ. ನಾನು ಸಿ.ಡಿ. ಕವರು ತೆಗೆದು ಒಳಗಿನ ಚಿತ್ರ ನೋಡಿದೆ. ಕೂದಲು ಮಾತ್ರ ಉದುರಿದೆ, ಮೂಗು ಅದೇ.

"ಇದನ್ನು ಪೂರ್ತಿ ಕೇಳಿದವರನ್ನು ಇವತ್ತೇ ಕಂಡದ್ದು" ಎಂದರು ಅವರು. "ಇನ್ನೊಂದು ಸಲ ಹಾಕ್ತೀರಾ?"

ಹಾಕಿದೆವು. ಹೊರಡುವ ದಿನ ಕವರಿನ ಮೇಲೆ ಸಹಿ ಕೇಳಿದೆ. ಅವರು ಸಹಿ ಮಾಡಿ, ಒಂದು ಕ್ಷಣ ಯೋಚಿಸಿ, ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದುಕೊಟ್ಟರು:

"ಮೂರನೇ ಹಾಡಿಗೆ ಕ್ಷಮೆ ಇರಲಿ. ಬಸ್ಸಿಗೆ ಹೊತ್ತಾಗಿತ್ತು."