ನನ್ನ ಚೂರಿಯೂ ದಂಡಿನ ಚಾಕುವೂ

ಕುಲುಮೆಯಲ್ಲಿ ಬೆಂಕಿ ಇರುವ ತನಕ ನಗುವಿಗೆ ಬರವಿಲ್ಲ. ಮಾಗಡಿಯಿಂದ ಸೋಲೂರಿಗೆ ಹೋಗುವ ದಾರಿಯ ಪಕ್ಕದಲ್ಲೇ ನನ್ನ ಕುಲುಮೆ. ನೇಗಿಲಿನ ಗುಳ ತಟ್ಟಿಸಲು ಬಂದವನಾಗಲಿ, ಗಾಡಿಯ ಚಕ್ರಕ್ಕೆ ಪಟ್ಟಿ ಹಾಕಿಸಲು ಬಂದವನಾಗಲಿ, ಸುಮ್ಮನೆ ಬೀಡಿಗೆ ಕೆಂಡ ಕೇಳಲು ಬಂದವನಾಗಲಿ, ಏನಾದರೂ ಒಂದು ತಮಾಷೆ ನಡೆಸಿಯೇ ಎದ್ದು ಹೋಗುತ್ತಿದ್ದ. ಇದು ಮಹಾರಾಜರ ಕಾಲದ ಮಾತು. ಆಗ ಸುತ್ತಲಿನ ಹಳ್ಳಿಗಳಲ್ಲಿ ಯಾರು ಕಾಡಿಗೆ ಹೊರಟರೂ ಸೊಂಟದಲ್ಲಿ ನನ್ನ ಚೂರಿ ಇರುತ್ತಿತ್ತು. ಗೇಣುದ್ದದ ಅಲಗು. ಅದರ ಬಾಲ ಹಿಡಿಯ ತುದಿಯವರೆಗೂ ಇಳಿದು, ಎರಡು ಮೊಳೆಯ ಬಿಗಿಯಲ್ಲಿ ಕೂತಿರುತ್ತಿತ್ತು. ಮಡಚುವುದಿಲ್ಲ, ಅಲ್ಲಾಡುವುದಿಲ್ಲ, ತೊಗಲಿನ ಒರೆಯೊಳಗೆ ಇರುತ್ತದೆ. ಇದನ್ನು ಹೇಳುವಾಗ ನನ್ನ ಮೀಸೆ ತಾನಾಗಿ ಮೇಲೇಳುತ್ತದೆ. ಏಳಲಿ ಬಿಡಿ, ಕೆಲಸ ಬಲ್ಲವನ ಮೀಸೆ ಅದು.

ಹೀಗಿರುವಾಗ ನಮ್ಮೂರಿಗೆ ಮಡಚುವ ಚಾಕು ಬಂತು.

ಉಗುರು

ತಂದವರು ನಮ್ಮೂರ ಶಾನುಭೋಗರು. ಬೆಂಗಳೂರಿನ ದಂಡಿಗೆ, ಅಂದರೆ ಬಿಳಿ ಸೋಲ್ಜರುಗಳು ಇದ್ದ ಕಡೆಗೆ ಹೋಗಿದ್ದವರು ಅಲ್ಲಿನ ಅಂಗಡಿಯಲ್ಲಿ ಕೊಂಡು ತಂದಿದ್ದರು. ಬೆರಳುದ್ದದ ಸಾಮಾನು. ಅಲಗು ಹಿಡಿಯೊಳಗೇ ಮಲಗಿತ್ತು.

"ನೋಡು ಆಚಾರಿ, ಸೀಮೆ ಉಕ್ಕು. ನಿನ್ನ ಹಾಗೆ ಸೊಂಟಕ್ಕೆ ಕಟ್ಕೊಂಡು ತಿರುಗೋ ಪೀಡೆ ಇಲ್ಲ. ಜೇಬಲ್ಲಿ ಹಾಕ್ಕೊಂಡ್ರೆ ಮುಗೀತು," ಅಂದರು.

"ಎಲ್ಲಿ, ಒಸಿ ಬಿಚ್ಚಿ ತೋರ್ಸಿ ಸ್ವಾಮಿ."

ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇತ್ತು. ಶಾನುಭೋಗರು ಹೆಬ್ಬೆರಳು ಇಟ್ಟು ಎಳೆದರು. ಬರಲಿಲ್ಲ. ಇನ್ನೊಂದು ಕೈಯಲ್ಲಿ ಎಳೆದರು. ಆಗಲೂ ಬರಲಿಲ್ಲ. ಕೊನೆಗೆ ಬೆರಳು ನೋಡಿಕೊಂಡು ಮೆಲ್ಲಗೆ, "ನಿನ್ನೆ ಇದರಲ್ಲೇ ಉಗುರು ತೆಗೆದೆ," ಅಂದರು.

ಅಲ್ಲಿ ಕೂತಿದ್ದ ಗೌಡರೆಲ್ಲ ಒಬ್ಬೊಬ್ಬರಾಗಿ ಕೈ ಹಾಕಿದರು. ಮಣ್ಣು ಕೆದಕುವ ಕೈಗೆ ಉಗುರೆಲ್ಲಿ? ನನ್ನ ಹೆಬ್ಬೆರಳಿನ ಉಗುರು ಬೆಂಕಿಗೆ ಸುಟ್ಟು ಯಾವ ಕಾಲವಾಯಿತೋ. ಚಾಕು ಎಲ್ಲರ ಕೈ ಸುತ್ತಿ, ಮುಚ್ಚಿದ ಬಾಯಿ ಮುಚ್ಚಿಕೊಂಡೇ ನನ್ನ ಕೈಗೆ ವಾಪಸು ಬಂತು. ಆಗ ನಾನು ನನ್ನ ಚೂರಿಯ ಮೊನೆಯನ್ನು ಆ ಗೀರಿಗೆ ಸಿಕ್ಕಿಸಿ ಮೀಟಿದೆ. ಟಕ್ಕನೆ ಬಿಚ್ಚಿಕೊಂಡಿತು.

ಮೂಲೆಯಲ್ಲಿ ಕೂತಿದ್ದ ಮುದುಕ ಗೌಡರು ಎಲೆಯಡಿಕೆ ಉಗಿದು ಹೇಳಿದರು: "ಈ ಚಾಕು ಮಡಗಿಕೊಂಡೋನು, ಅದನ್ನ ಬಿಚ್ಚಕ್ಕೆ ನಮ್ಮ ಆಚಾರಿ ಚೂರಿನೂ ಒಂದು ಮಡಗಿಕೋಬೇಕು ಅನ್ನಿ."

ಬಗ್ಗಿದ ಸಾಹೇಬರು

ಆ ವರ್ಷವೇ ಸಾವನದುರ್ಗದ ಕಾಡಿಗೆ ಹೊಸ ರೇಂಜರು ಬಂದರು. ಮದರಾಸಿನಲ್ಲಿ ಓದಿದವರು. ಕುದುರೆ, ಬೂಟು, ಹಿಂದೆ ಒಬ್ಬ ಜವಾನ. ತಮ್ಮ ಎಂಟು ಜನ ಗಾರ್ಡುಗಳಿಗೆ ಒಂದೊಂದು ಚೂರಿ ಕೊಡಬೇಕೆಂದು ಅವರ ಮನಸ್ಸಿನಲ್ಲಿತ್ತು. ನನ್ನ ಚೂರಿಯೋ, ದಂಡಿನ ಚಾಕುವೋ, ಎರಡನ್ನೂ ನೋಡಿ ಆರಿಸುತ್ತೇನೆ ಅಂದರು. ಅಪ್ಪ, ತಾತ ಕಾಯಿಸಿದ ಕುಲುಮೆ ಇದು. ನನ್ನೂರಿನ ಕಾಡಿನಲ್ಲಿ ದಂಡಿನ ಚಾಕು ಓಡಾಡಿದರೆ ನಾನು ಸುತ್ತಿಗೆ ಹಿಡಿದು ಏನು ಬಂತು?

ಕುಲುಮೆಗೇ ಬಂದು ನಿಂತ ರೇಂಜರು ಕೈ ಚಾಚಿ, "ಎಲ್ಲಿ, ಕೊಡು ನೋಡೋಣ," ಅಂದರು.

ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳ ಹುಟ್ಟುತ್ತದೆ. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ನೆಲದ ಮೇಲೆ ಇಟ್ಟು ಕೈಮುಗಿದೆ. ಸಾಹೇಬರಿಗೆ ಇದು ಅವಮಾನ ಅನ್ನಿಸಿತು. ಮುಖ ಕೆಂಪಗೆ ಮಾಡಿಕೊಂಡು ಜವಾನನಿಗೆ, "ಅದನ್ನು ತೆಗೆದು ಕೊಡೋ," ಅಂದರು. ಜವಾನ ನಮ್ಮ ಕಡೆಯವನೇ. ಭಯಭಕ್ತಿಯಿಂದ ಚೂರಿ ಎತ್ತಿಕೊಂಡ, ಎರಡು ಹೆಜ್ಜೆ ನಡೆದ, ಸಾಹೇಬರ ಬೂಟಿನ ಮುಂದೆ ನೆಲದ ಮೇಲೆ ಇಟ್ಟು ಕೈಮುಗಿದ.

ಸಾಹೇಬರ ಜೊತೆ ಬಂದಿದ್ದ ಶಾನುಭೋಗರು ಈ ಸಂದಿಯಲ್ಲೇ ನುಗ್ಗಿದರು. "ಮಡಚಿದ್ದಕ್ಕೆ ದೋಷ ಇಲ್ಲ ಸಾರ್," ಎಂದು ತಮ್ಮ ಚಾಕು ಮಡಚಿ ಸಾಹೇಬರ ಅಂಗೈಯಲ್ಲೇ ಇಟ್ಟುಬಿಟ್ಟರು. ಸಾಹೇಬರಿಗೆ ಅದು ಬಹಳ ಹಿಡಿಸಿತು. ನನ್ನ ಹೊಟ್ಟೆ ಉರಿದುಹೋಯಿತು. ಆದರೂ ನನ್ನದನ್ನು ನೋಡದೆ ಹೋಗುವ ಹಾಗಿಲ್ಲ. ಬೂಟು, ಬಿಗಿ ಷರಾಯಿ, ಮೇಲೆ ಬೆಲ್ಟು, ಇಷ್ಟನ್ನೂ ಕಟ್ಟಿಕೊಂಡು ಸಾಹೇಬರು ಉಸ್ಸೆಂದು ಬಗ್ಗಿ ಎತ್ತಿಕೊಂಡರು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ನನ್ನ ಹೆಂಡತಿ ಆಮೇಲೆ ಊರಿಗೆಲ್ಲ ಹೇಳಿದಳು: "ತಾಲ್ಲೂಕೇ ಬಗ್ಗೋದು ಆ ಸಾಹೇಬ್ರಿಗೆ. ಆ ಸಾಹೇಬ್ರು ಬಗ್ಗಿದ್ದು ನಮ್ಮನೆ ಚೂರಿಗೆ ಕಣ್ರಮ್ಮ!"

ಬೀಗರ ಮನೆ ಊಟ

ನನ್ನ ಚೂರಿಗೂ ಒಂದು ಐಬು ಇತ್ತು. ಸುಳ್ಳೇಕೆ ಹೇಳಲಿ?

ಮಗಳ ಸಂಬಂಧ ಮಾತಾಡಲು ಮರಳವಾಡಿಗೆ ಹೋಗಿದ್ದೆವು. ಜೊತೆಗೆ ಶಾನುಭೋಗರೂ ಬಂದಿದ್ದರು. ದಾರಿಯಲ್ಲಿ ಕಾಡು, ಹಾಗಾಗಿ ಅಂಗಿಯ ಕೆಳಗೆ ಸೊಂಟಕ್ಕೆ ಚೂರಿ ಬಿಗಿದಿದ್ದೆ. ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೆ ನೋಡಿ, ಒರೆಯ ತುದಿ ತೊಡೆಗೆ ಒತ್ತಿತು, ಹಿಡಿ ಪಕ್ಕೆಲುಬಿಗೆ ತಿವಿಯಿತು. ಬಗ್ಗಿದರೆ ಪ್ರಾಣ ಹೋಗುತ್ತದೆ. ಬಿಚ್ಚಿ ಇಡೋಣ ಅಂದರೆ ಪಕ್ಕದಲ್ಲೇ ಶಾನುಭೋಗರು, ಜೇಬಿನಲ್ಲಿ ಚಾಕು ಹಾಕಿಕೊಂಡು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಾರೆ. ಅವರ ಮುಂದೆ ಬಿಚ್ಚುವುದೇ? ಸತ್ತರೂ ಇಲ್ಲ. ಕಂಬದ ಹಾಗೆ ನೆಟ್ಟಗೆ ಕೂತು, ದೂರದ ಎಲೆಯಿಂದ ಒಂದೊಂದೇ ತುತ್ತು ಮೇಲಕ್ಕೆತ್ತಿ ತಿಂದೆ. ಅರ್ಧ ಸಾರು ಅಂಗಿಯ ಪಾಲಾಯಿತು. ಬೀಗರು ಮಾತ್ರ ತಮ್ಮವರಿಗೆ ಹೇಳಿಕೊಂಡರಂತೆ, "ಆಚಾರಿ ಗತ್ತಿನ ಮನುಷ್ಯ ಕಣ್ಲಾ, ಉಣ್ಣೋವಾಗ್ಲೂ ತಲೆ ಬಗ್ಸಾಕಿಲ್ಲ," ಎಂದು. ಸಂಬಂಧ ಕುದುರಿತು.

ಮನೆಗೆ ಬಂದು ಅಂಗಿ ಬಿಚ್ಚಿದಾಗ ಹೆಂಡತಿ ಸಾರಿನ ಕಲೆ ನೋಡಿ ಕೇಳಿದಳು: "ಬೀಗರ ಮನೇಲಿ ನೀವು ಉಂಡ್ರೋ, ನಿಮ್ಮ ಚೂರಿ ಉಂಡ್ತೋ?"

ಎಣ್ಣೆ ಹಚ್ಚದ ಜಾಗ

ಮುಂದಿನ ವಾರ ಸುದ್ದಿ ಬಂತು. ಗಾರ್ಡುಗಳಿಗೆ ದಂಡಿನ ಚಾಕು. ಎಂಟೂ ಬಂದು ಎಂಟು ಜೇಬು ಸೇರಿದವು. ಆ ದಿನ ನಾನು ಕುಲುಮೆ ಹೊತ್ತಿಸಲಿಲ್ಲ. ಗಾಳಿ ಊದುವ ತಿದಿಯ ಪಕ್ಕ ಸುಮ್ಮನೆ ಕೂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹಲಸಿನ ಕಾಲ ಬಂತು. ಒಂದು ಬೆಳಗ್ಗೆ ಬಾವಿಯ ಹತ್ತಿರ ಹೆಂಗಸರು ಕೊಡ ಬಿಟ್ಟು ಕಿರುಚುತ್ತ ಓಡಿದರು. ಮನೆಮನೆಯ ಕದ ಹಾಕಿಕೊಂಡವು. ನೋಡಿದರೆ, ಎಂಟು ಜನ ಗಾರ್ಡುಗಳು ಕೈಯಲ್ಲಿ ಬಿಚ್ಚು ಚಾಕು ಹಿಡಿದು ಸಾಲಾಗಿ ನನ್ನ ಕುಲುಮೆಗೆ ಬರುತ್ತಿದ್ದಾರೆ.

"ಮಾವ, ಮಡಚ್ತಾ ಇಲ್ಲ," ಅಂದ ಮುಂದಿನವನು. ಅವನ ದನಿಯಲ್ಲಿ ಅಳುವೇ ಇತ್ತು.

ಸರ್ಕಾರಿ ತೋಪಿನಲ್ಲಿ ಒಂದು ಹಲಸಿನ ಹಣ್ಣು ಕೊಯ್ದು ತಿಂದಿದ್ದಾರೆ. ಹಲಸು ಕೊಯ್ಯುವ ಮುಂಚೆ ಎಣ್ಣೆ ಹಚ್ಚಬೇಕೆಂದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಅವರೂ ಹಚ್ಚಿದ್ದಾರೆ, ಕೈಗೆ, ಅಲಗಿಗೆ. ಆದರೆ ಹಿಡಿಯ ಸಂದಿಗೆ? ಹುಟ್ಟಿದಾಗಿನಿಂದ ಸಂದಿಯಿರುವ ಚೂರಿಯನ್ನೇ ಕಾಣದವರು, ಅಲ್ಲಿಗೆ ಯಾಕೆ ಹಚ್ಚುತ್ತಾರೆ? ಅಂಟೆಲ್ಲ ಸಂದಿಗೆ ಇಳಿದು ಕಲ್ಲಾಗಿತ್ತು. ಮಡಚಲು ಬರುವುದಿಲ್ಲ, ಇಡಲು ಒರೆ ಇಲ್ಲ.

ನಾನು ಹರಳೆಣ್ಣೆ ಕಾಯಿಸಲು ಇಡುವಷ್ಟರಲ್ಲಿ ರೇಂಜರೇ ಕುದುರೆಯಿಂದ ಇಳಿದರು. ಚಾಕುಗಳನ್ನು ನೋಡಿ ಗುಡುಗಿದರು.

"ಸರ್ಕಾರಿ ತೋಪಿನ ಹಣ್ಣು ತಿಂದ್ರಾ? ಅದು ಹರಾಜಾದ ತೋಪು! ಎಂಟು ಜನರನ್ನೂ ಇವತ್ತೇ ಕೆಲಸದಿಂದ ತೆಗೀತೀನಿ! ಆಚೆ ಹೋಗಿ ನಿಂತ್ಕೊಳ್ಳಿ!"

ಪಾಪ, ಹೆಂಡರು ಮಕ್ಕಳು ಇದ್ದವರು, ತಲೆ ತಗ್ಗಿಸಿ ದೂರದ ಹುಣಸೆಮರದ ಕೆಳಗೆ ಹೋಗಿ ನಿಂತರು. ಸಾಹೇಬರು ಅತ್ತ ಇತ್ತ ನೋಡಿದರು. ಕೋಟಿನ ಜೇಬಿನ ಮೇಲೆ ಇಟ್ಟಿದ್ದ ಕೈಯನ್ನು ಅಲ್ಲಿಯ ತನಕ ಅವರು ತೆಗೆದೇ ಇರಲಿಲ್ಲ. ಈಗ ಮೆಲ್ಲಗೆ ತೆಗೆದು, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಗಂಟನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟರು.

"ಇದನ್ನೂ ಸ್ವಲ್ಪ ಬಿಡಿಸಿಕೊಡು. ಲಕೋಟೆಗೆ ಹಾಕೋ ಅರಗು ಸಿಕ್ಕಿಕೊಂಡಿದೆ."

ಕರವಸ್ತ್ರವೂ ಅಂಥದೇ ಇನ್ನೊಂದು ದಂಡಿನ ಚಾಕುವೂ ಒಂದೇ ಮುದ್ದೆಯಾಗಿದ್ದವು. ಬಿಸಿ ಎಣ್ಣೆ ಬಿಟ್ಟು ಸಂದಿ ಕೆದಕಿದೆ. ಒಳಗಿಂದ ಹಳದಿ ತೊಳೆಯ ಚೂರೊಂದು ಈಚೆ ಬಂತು. ಕುಲುಮೆಯೆಲ್ಲ ಘಮ್ಮೆಂದಿತು.

"ಸರ್ಕಾರದ ಅರಗು ಬಲು ಸಿಹಿಯಾಗಿ ಐತೆ ಸ್ವಾಮಿ," ಅಂದೆ.

ಸಾಹೇಬರು ಆ ತೊಳೆಯ ಚೂರನ್ನು ಬೆಂಕಿಗೆ ತಳ್ಳಿದರು. ಆಮೇಲೆ ಹುಣಸೆಮರದ ಕಡೆ ತಿರುಗಿ, "ಏಯ್, ಈ ಸಲ ಹೋಗಲಿ, ಕೆಲಸಕ್ಕೆ ನಡೀರಿ!" ಎಂದು ಕೂಗಿದರು. ನನ್ನ ಕಡೆ ನೋಡದೆಯೇ, "ಆಚಾರಿ, ಇವರಿಗೆ ನಿನ್ನ ಚೂರಿಯನ್ನೇ ಮಾಡಿಕೊಡು. ಒರೆ ಸಮೇತ, ಎಂಟು," ಅಂದರು.

ನನ್ನ ಎದೆ ತಿದಿಯ ಹಾಗೆ ಉಬ್ಬಿತು. ಕೈಮುಗಿದೆ. ಸಾಹೇಬರು ಹೋಗಿ ಕುದುರೆಯ ರಿಕಾಪಿಗೆ ಕಾಲಿಟ್ಟರು. ಇಟ್ಟ ಕಾಲು ತೆಗೆದು, ನಡೆದುಕೊಂಡು ವಾಪಸು ಬಂದು, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಒಂಬತ್ತು ಮಾಡು."