ಸದರಿ ಭೀಮಸೇನನು

ಲೇಖನ ಬರೆಯುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೆಯುವುದಕ್ಕೆ ಬೇಕಾದದ್ದು ಒಂದಿಷ್ಟು ಮಸಿ, ಒಂದು ಭಾನುವಾರದ ಮಧ್ಯಾಹ್ನ, ಯಾರ ಮೇಲಾದರೂ ಒಂದಿಷ್ಟು ಸಿಟ್ಟು. ಇವು ಮೂರೂ ಬಡವನಿಗೂ ಸಿಗುತ್ತವೆ. ಕಷ್ಟವಿರುವುದು ಆಮೇಲೆ, ಬರೆದದ್ದನ್ನು ಪತ್ರಿಕೆಗೆ ಕಳಿಸುವ ಹಾಗೆ ಸಿದ್ಧಮಾಡುವುದರಲ್ಲಿ. ಹೆಣ್ಣು ಹೆತ್ತವರು ಮಗಳನ್ನು ತೋರಿಸುವ ದಿನ ಪಡುವ ಪಾಡೇ ಅದು. ತಲೆ ಬಾಚು, ಕಣ್ಣು ತಗ್ಗಿಸು, ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಇಷ್ಟೆಲ್ಲ ಆದಮೇಲೂ ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದು, 'ಊರಿಗೆ ಹೋಗಿ ಕಾಗದ ಬರೀತೀವಿ' ಎಂದು ಎದ್ದುಹೋಗುತ್ತಾರೆ. ಅವರು ಬರೆಯುವುದಿಲ್ಲ. ಪತ್ರಿಕೆಯವರು ಬರೆಯುತ್ತಾರೆ. ಬರೆಯದೆ ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಆಗ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಬಸ್ಸುಗಳು ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನಲ್ಲಿ ಓಡುತ್ತಿದ್ದವು. ಅಂಥ ಬರಗಾಲದಲ್ಲೂ ನಮ್ಮ ಸ್ಕೂಲಿಗೆ ಬೆಂಗಳೂರಿನಿಂದ ಒಂದು ಮಾಸಪತ್ರಿಕೆ ತಪ್ಪದೆ ಬರುತ್ತಿತ್ತು. ಸಂಗೀತ, ನೃತ್ಯ, ನಾಟಕ ಇವುಗಳಿಗೇ ಮೀಸಲಾದದ್ದು. ಅದನ್ನು ತರಿಸುತ್ತಿದ್ದವರು ನಮ್ಮ ಹೆಡ್‌ಮಾಸ್ತರು. ಅವರು ಮೈಸೂರಿನವರು. ನಮ್ಮ ಸೀಮೆಗೆ ವರ್ಗವಾಗಿ ಬಂದದ್ದನ್ನು ಪೂರ್ವಜನ್ಮದ ಕರ್ಮವೆಂದು ಸಹಿಸಿಕೊಂಡಿದ್ದವರು. ಒಂದು ದಿನ ಅವರು ಆ ಪತ್ರಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದು, 'ನೋಡಿ ಮೇಷ್ಟ್ರೇ, ನಿಮ್ಮ ಕಡೆಯ ವಿಷಯ ಬಂದಿದೆ' ಎಂದು ನಗುತ್ತ ಓದಿದರು. ಯಾರೋ ವಿದ್ವಾಂಸರು ಬರೆದಿದ್ದರು: ಕೋಲಾರದ ಸೀಮೆಯಲ್ಲಿ ನೆಲದ ಕೆಳಗೆ ಬಂಗಾರವಿದೆ, ನೆಲದ ಮೇಲೆ ಕಲೆ ಎಂಬುದಿಲ್ಲ, ಅಲ್ಲಿ ಆಟವೆಂದು ಕರೆಸಿಕೊಳ್ಳುವುದು ಅರ್ಧ ತೆಲುಗು, ಅರ್ಧ ಕೂಗಾಟ.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೂಗಾಟ ನಮ್ಮ ಮಾವನದು!

ಮಾವ ಎಂದರೆ ನಮ್ಮಮ್ಮನ ಅಣ್ಣ, ಚಿಕ್ಕಮುನಿಯಪ್ಪ. ಮುಳಬಾಗಿಲಿನ ಆಚೆಗೆ ಒಂದು ಹಳ್ಳಿ. ನಮ್ಮ ಕಡೆ ಬಯಲಾಟಕ್ಕೆ ಕೇಳಿಕೆ ಅನ್ನುತ್ತೇವೆ, ಅದನ್ನು ಕಲಿಸಿ ಆಡಿಸುವ ಭಾಗವತ ಅವನು. ನಾಲ್ಕೂರಿನ ರೈತರ ಮಕ್ಕಳನ್ನು ಬೈದು, ಹೊಡೆದು, ಅರ್ಜುನ ಕರ್ಣರನ್ನಾಗಿ ಮಾಡಿದವನು. ಅವನ ಕೇಳಿಕೆಯಲ್ಲಿ ದುರ್ಯೋಧನ ಕನ್ನಡದಲ್ಲಿ ಗದರುತ್ತ ಬಂದು, ದುಃಖವಾದಾಗ ತೆಲುಗು ಪದ್ಯ ಹಾಡಿ, ಮತ್ತೆ ಕನ್ನಡಕ್ಕೆ ಇಳಿಯುತ್ತಾನೆ. ನಮಗೆ ಅದು ಎಂದೂ ವಿಚಿತ್ರವೆನಿಸಿದ್ದಿಲ್ಲ. ನಮ್ಮಮ್ಮ ಕೂಡ ಲೆಕ್ಕ ಕನ್ನಡದಲ್ಲಿ ಮಾಡಿ ಅಳು ತೆಲುಗಿನಲ್ಲಿ ಅಳುತ್ತಿದ್ದಳು.

ಆ ವಾರವೇ ಮಾವನ ಊರಿಗೆ ಹೋದೆ. ವಿಷಯ ಹೇಳಿದೆ. ಓದುಬರಹ ಬರದ ಮನುಷ್ಯ, ಆದರೆ ವಿನಯವೆಂಬುದು ಅವನ ಹತ್ತಿರ ಸುಳಿದದ್ದೂ ಇಲ್ಲ.

'ಯಾವನ್ಲಾ ಅವ್ನು? ನನ್ನ ಆಟ ನೋಡವ್ನಾ?'

'ನೋಡಿಲ್ಲ ಅಂತ ಕಾಣುತ್ತೆ ಮಾವ.'

'ನೋಡ್ದಿರಾ ಬರ್ದವ್ನೆ ಅಂದ್ರೆ ಓದಿರೋನೇ ಬಿಡು. ನೀನೂ ಓದಿದೀಯಲ್ಲ, ತಿರುಗ್ಸಿ ಬರಿ. ನನ್ನಂಥ ಭಾಗವತ ಈ ಸೀಮೆನಾಗೆ ಹುಟ್ಟಿಲ್ಲ ಅಂತ ಮೊದ್ಲೇ ಬರ್ದ್ಬಿಡು. ಆಮೇಕೆ ಮಿಕ್ಕಿದ್ದು.'

ಹೀಗೆಂದವನು ತಾಳ ತೆಗೆದುಕೊಂಡು ಕುಳಿತ. ಹಾಡಿ ತೋರಿಸಿದ. ಹಿಂದೆ ಊರಾಚೆಗೂ ಕೇಳುತ್ತಿದ್ದ ಗಂಟಲು ಮೇಲಿನ ಸ್ಥಾಯಿಗೆ ಹೋದಾಗ ಹರಿದ ತಮಟೆಯ ಹಾಗೆ ಬಿರಿಯುತ್ತಿತ್ತು. ಅವನಿಗೂ ಅದು ಗೊತ್ತಾಗಿ, ನೀರು ಕೊಡದೆ ಹೋದಳೆಂದು ಅತ್ತೆಯ ಮೇಲೆ ರೇಗಿದ. ಆಮೇಲೆ ಸ್ವಲ್ಪ ಹೊತ್ತು ತಾಳದ ದಾರ ಬಿಗಿಮಾಡುತ್ತ ಕುಳಿತಿದ್ದು, 'ಹುಡುಗ್ರು ಗಣಿ ಊರಿಗೆ ಟಾಕಿ ನೋಡಕ್ಕೆ ಓಡ್ತವೆ ಕಣೋ. ಪದ ಕಲಿಯೋರಿಲ್ಲ. ನೀನು ಪದಗಳ್ನಾದ್ರೂ ಬರ್ಕೋ' ಎಂದ. ನಾನು ಬರೆದುಕೊಂಡೆ.

ಲೇಖನ ಸಿದ್ಧವಾಯಿತು. ಮಾವನ ಪದಗಳು, ದ್ರೌಪದಿಯ ವಸ್ತ್ರಾಪಹರಣದ ಪ್ರಸಂಗ, ಕುಣಿತ, ಕಿರೀಟ ಕಟ್ಟುವ ಬಗೆ ಎಲ್ಲವೂ ಅದರಲ್ಲಿತ್ತು. ಕಳಿಸಿದೆ. ಹೋದಷ್ಟೇ ವೇಗವಾಗಿ ತಿರುಗಿ ಬಂತು, ಜೊತೆಗೊಂದು ಕಾಗದ. ಕಾಗದದ ಒಂದೇ ಮಗ್ಗುಲಲ್ಲಿ ಬರೆಯತಕ್ಕದ್ದು. ಎಡಗಡೆ ಅಂಚು ಬಿಡತಕ್ಕದ್ದು. ಅಕ್ಷರ ಓದುವಂತಿರತಕ್ಕದ್ದು. ತೆಲುಗು ಪದ್ಯಗಳನ್ನು ಕೈಬಿಡತಕ್ಕದ್ದು.

ಒಂದೇ ಮಗ್ಗುಲು! ಇಡೀ ಊರಿನಲ್ಲಿ ಕಾಗದವಿಲ್ಲದೆ ಮಕ್ಕಳು ಸ್ಲೇಟಿನಲ್ಲೇ ಪರೀಕ್ಷೆ ಬರೆಯುತ್ತಿದ್ದ ಕಾಲವದು. ಮದುವೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ನಾನು ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಈ ಮಹಾನುಭಾವರಿಗೆ ಒಂದು ಮಗ್ಗುಲು ಬರಿದಾಗಿಯೇ ಬೇಕು, ಅದರ ಮೇಲೆ ಅಂಚೂ ಬೇಕು! ಅದಾದರೂ ಹೋಗಲಿ. ಪದ್ಯ ಬಿಟ್ಟರೆ ಉಳಿಯುವುದೇನು? ನಾನು ಹಜಾರದಲ್ಲಿ ಅತ್ತಿಂದಿತ್ತ ತಿರುಗುತ್ತ ಕೂಗಾಡಿದೆ. ನನ್ನ ಹೆಂಡತಿ ಪಾರ್ವತಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ, 'ಅಕ್ಷರ ಓದೋಕಾಗಲ್ಲ ಅಂದಿದ್ದು ಮಾತ್ರ ನಿಜ ಬಿಡಿ. ಹೋದ ಸಲ ನೀವು ಸಂತೆಗೆ ಬರೆದುಕೊಟ್ಟ ಚೀಟಿ ನೋಡಿ ಅಂಗಡಿಯವನು ಮೆಂತ್ಯದ ಬದಲು ಮೆಣಸು ಕೊಟ್ಟ' ಎಂದಳು. ಆಮೇಲೆ, 'ನಮ್ಮ ನಂಜುಂಡನ ಹತ್ತಿರ ಬರೆಸಬಾರದೇ? ಮುತ್ತು ಪೋಣಿಸಿದ ಹಾಗೆ ಬರೀತಾನೆ' ಎಂದಳು.

ನಂಜುಂಡ ಅವಳ ತಮ್ಮ. ಕೋಲಾರದಲ್ಲಿ ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಕುಳಿತು ಅರ್ಜಿ ಬರೆಯುವುದು ಅವನ ಕಸುಬು. ಅಕ್ಷರ ನಿಜಕ್ಕೂ ಮುತ್ತು. ಅವನ ಹತ್ತಿರ ಸರ್ಕಾರಿ ಅಳತೆಯ ಒಳ್ಳೆಯ ಕಾಗದವೂ ಇರುತ್ತಿತ್ತು. ಅದು ಎಲ್ಲಿಂದ ಬರುತ್ತಿತ್ತೆಂದು ಸಂಬಂಧಿಕರು ಕೇಳುತ್ತಿರಲಿಲ್ಲ. ನಾನು ಚಿಕ್ಕ ರೈಲು ಹತ್ತಿ ಕೋಲಾರಕ್ಕೆ ಹೋದೆ. ಆ ರೈಲಿನ ವೇಗದ ಬಗ್ಗೆ ಹೇಳಬೇಕೆಂದರೆ, ನಡುವೆ ಇಳಿದು ಹೊಲದ ಕಡ್ಲೆಕಾಯಿ ಕಿತ್ತುಕೊಂಡು ಮತ್ತೆ ಹತ್ತಿದವರು ನನ್ನ ಎದುರಿಗೇ ಕುಳಿತಿದ್ದರು. ಅಷ್ಟು ಹೊತ್ತೂ ನಾನು ಮನಸ್ಸಿನಲ್ಲಿ ಸಂಪಾದಕರಿಗೆ ಉತ್ತರ ಬರೆಯುತ್ತಲೇ ಇದ್ದೆ.

ನಂಜುಂಡ ಲೇಖನವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. 'ಬಿಡಿ ಬಾವ, ನನಗೆ ಬಿಡಿ. ಇದಕ್ಕಿಂತ ಕೆಟ್ಟ ಕೇಸುಗಳನ್ನ ಗೆದ್ದಿದೀವಿ' ಎಂದ.

'ಇದು ಕೇಸಲ್ಲ ಕಣಯ್ಯ. ಲೇಖನ. ಇದ್ದದ್ದನ್ನ ಇದ್ದ ಹಾಗೇ ಬರೆದುಕೊಡು.'

'ಇದ್ದದ್ದನ್ನ ಇದ್ದ ಹಾಗೆ ಬರೆದ್ರೆ ಯಾವ ಕಚೇರೀಲಿ ಬಾವ ತಗೋತಾರೆ?' ಎಂದು ನಕ್ಕ. ತಮಾಷೆಗೆ ಅಂದನೆಂದುಕೊಂಡೆ. ಅವನು ಜನ್ಮದಲ್ಲಿ ತಮಾಷೆ ಮಾಡಿದವನಲ್ಲ ಎಂಬುದು ಆ ಕ್ಷಣಕ್ಕೆ ಮರೆತುಹೋಗಿತ್ತು.

ಕೆಲವು ದಿನಗಳಾದಮೇಲೆ ನಂಜುಂಡ ತಾನೇ ಮನೆಗೆ ಬಂದ. ಅಕ್ಕ ಕೊಟ್ಟ ಕಾಫಿ ಕುಡಿದು, ತುಟಿ ಒರೆಸಿಕೊಂಡು, 'ಬಾವ, ಕೆಲಸ ಆಯ್ತು. ನಿಮಗ್ಯಾಕೆ ತೊಂದರೆ ಅಂತ ನಾನೇ ಬೆಂಗಳೂರಿಗೆ ರಿಜಿಸ್ಟರ್ ಮಾಡಿಬಿಟ್ಟೆ' ಎಂದ.

'ನನಗೆ ತೋರಿಸದೇನೇ?'

'ನೋಡೋದೇನಿದೆ? ಬೇಕಾದರೆ ಕೇಳಿ, ನನಗೆ ಬಾಯಿಗೇ ಬರುತ್ತೆ' ಎಂದವನೇ ಕಣ್ಣು ಮುಚ್ಚಿಕೊಂಡು ಶುರುಮಾಡಿದ: 'ಘನತೆವೆತ್ತ ಸಂಪಾದಕ ಮಹಾಶಯರ ಸನ್ನಿಧಾನಕ್ಕೆ, ಶ್ರೀನಿವಾಸಪುರದ ವಾಸಿ ಉಪಾಧ್ಯಾಯನು ಕೈಮುಗಿದು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ಹಸ್ತಿನಾವತಿಯ ವಾಸಿ ಧೃತರಾಷ್ಟ್ರನ ಮಗ ದುಶ್ಶಾಸನ ಎಂಬುವನು, ಸ್ವಂತ ಅಣ್ಣನ ಕುಮ್ಮಕ್ಕಿನಿಂದ, ತುಂಬಿದ ಸಭೆಯಲ್ಲಿ, ಮೇಲ್ಕಂಡ ದ್ರೌಪದಿಯ ಸೀರೆಗೆ ಕೈಹಾಕಿದ್ದು, ಸ್ಥಳದಲ್ಲಿ ಹಾಜರಿದ್ದ ಸದರಿ ಭೀಮಸೇನನು ಸದರಿ ದುಶ್ಶಾಸನನ ಪ್ರಾಣಕ್ಕೆ ಅಪಾಯವಾಗುವಂಥ ಮಾತುಗಳನ್ನು ತಾಳಬದ್ಧವಾಗಿ ಆಡಿರುತ್ತಾನೆ...'

'ಸಾಕು, ನಿಲ್ಲಿಸು!' ಎಂದೆ. ಅವನು ನಿಲ್ಲಿಸಲಿಲ್ಲ. ಆರಂಭಿಸಿದ ಅರ್ಜಿಯನ್ನು ಸಹಿಯವರೆಗೂ ಓದದೆ ಬಿಡುವುದು ಅವರ ಕಸುಬಿನಲ್ಲಿ ಇಲ್ಲವಂತೆ. 'ಸದರಿ ಕೇಳಿಕೆಗೆ ನ್ಯಾಯ ದೊರಕಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇನೆ' ಎಂದು ಮುಗಿಸಿ ಕಣ್ಣು ಬಿಟ್ಟ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕತ್ತೆ ಅಂದೆ. ಹುಣಸೆಮರಕ್ಕೆ ನಿನಗಿಂತ ರಸಜ್ಞತೆ ಇದೆ ಅಂದೆ. ಅವನ ಮುಖ ಕೆಂಪಗಾಯಿತು.

'ತೆಲುಗು ಪದ್ಯ ತೆಗೀಬೇಕು ಅಂದಿದ್ರಲ್ಲ ಬಾವ, ಅವರು? ನಾನು ಒಂದಕ್ಷರ ತೆಗೆದಿಲ್ಲ. ಪದ್ಯನೆಲ್ಲ ಸಾಕ್ಷಿ ಹೇಳಿಕೆ ಅಂತ ಹಾಕಿದೀನಿ. ಸಾಕ್ಷಿ ಹೇಳಿಕೇನ ಯಾವ ಜಡ್ಜಿಗೂ ತಿದ್ದೋ ಅಧಿಕಾರ ಇಲ್ಲ. ಅದು ತಿಳೀತಾ ನಿಮಗೆ?' ಎಂದು ಎದ್ದವನು ಊಟಕ್ಕೂ ನಿಲ್ಲದೆ ಹೊರಟುಹೋದ. ಪಾರ್ವತಿ ಎರಡು ದಿನ ನನಗೆ ಸಾರಿಲ್ಲದೆ ಅನ್ನ ಬಡಿಸಿದಳು.

ಲೇಖನವನ್ನು ಅಚ್ಚುಹಾಕಬೇಡಿರೆಂದು ನಾನು ಬರೆದ ಕಾಗದ ಬೆಂಗಳೂರು ಮುಟ್ಟುವ ಮೊದಲೇ ಪತ್ರಿಕೆ ಬಂದೇಬಿಟ್ಟಿತು. ಹೆಡ್‌ಮಾಸ್ತರು ಈ ಸಲ ನಗುತ್ತ ಅಲ್ಲ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ತಂದರು. ವಿನೋದ ವಿಭಾಗದಲ್ಲಿ, ಎಲ್ಲಕ್ಕೂ ಮುಂದೆ, ಪೂರ್ತಿಯಾಗಿ ಹಾಕಿದ್ದರು. ಕೆಳಗೆ ಸಂಪಾದಕರ ಟಿಪ್ಪಣಿ: ಇಷ್ಟು ಸೊಗಸಾದ ಅಣಕವನ್ನು ಇತ್ತೀಚೆಗೆ ಕಂಡಿಲ್ಲ, ಸಾಕ್ಷಿಗಳ ಬಾಯಲ್ಲಿ ಬಂದಿರುವ ತೆಲುಗು ಪದ್ಯಗಳು ಹಾಸ್ಯಕ್ಕೆ ಅತ್ಯಗತ್ಯವಾದ್ದರಿಂದ ಹಾಗೆಯೇ ಉಳಿಸಿಕೊಂಡಿದ್ದೇವೆ. ಅಂದರೆ ನಾನು ಗಂಭೀರವಾಗಿ ಕೊಟ್ಟಾಗ ತೆಗೆದುಹಾಕತಕ್ಕ ಪದ್ಯ, ಭೀಮಸೇನನನ್ನು ಕಟಕಟೆಗೆ ಹತ್ತಿಸಿದ ಮೇಲೆ ಅತ್ಯಗತ್ಯ! ನಾನು ಆ ದಿನ ನಾಲ್ಕನೇ ತರಗತಿಗೆ ಭೂಗೋಳ ಹೇಳುತ್ತ ಗಂಗಾನದಿಯನ್ನು ಬೈದೆನೆಂದು ಆಮೇಲೆ ತಿಳಿಯಿತು.

ಆದರೆ ನನಗೆ ನಿಜವಾಗಿ ಭಯವಿದ್ದದ್ದು ಮಾವನದು. ಅವನ ಜೀವಮಾನದ ಪದಗಳನ್ನು ನಗೆಪಾಟಲು ಮಾಡಿಟ್ಟಿದ್ದೆ. ಬೇರೆಯವರ ಬಾಯಿಂದ ತಿಳಿಯುವ ಮುಂಚೆ ನಾನೇ ಹೋಗಿ ಹೇಳಿಬಿಡುವುದು ಮೇಲೆಂದು ಶನಿವಾರ ಸ್ಕೂಲು ಬಿಟ್ಟಕೂಡಲೇ ಹೊರಟೆ. ಊರು ಸೇರುವ ಹೊತ್ತಿಗೆ ಬಿಸಿಲಿಳಿಯುತ್ತಿತ್ತು. ಕಣದಲ್ಲಿ ಜನ. ಅದೇ ವಸ್ತ್ರಾಪಹರಣದ ಪ್ರಸಂಗದ ಅಭ್ಯಾಸ ನಡೆಯುತ್ತಿತ್ತು, ಮಾವ ತಾಳ ಹಿಡಿದು ಕುಳಿತಿದ್ದ.

'ಬಾರ್ಲಾ ಬಾ! ಶಾನುಭೋಗ್ರು ಪತ್ರಿಕೆ ತಂದು ಓದಿದ್ರು. ಎಲ್ಡು ಸಾರಿ ಓದ್ಸಿದೆ' ಎಂದ. ಮುಖ ಅರಳಿತ್ತು. 'ಏನು ಬರ್ದಿದೀಯೋ! ನಾನೂ ಇಷ್ಟು ವರ್ಷ ಆಡಿಸ್ದೆ, ಇದು ಕೋರ್ಟಿಗೆ ಹೋಗೋ ಅಂಥಾ ಸಂಗತಿ ಅಂತ ನಂಗೇ ಹೊಳ್ದಿರ್ಲಿಲ್ಲ. ಪದ ಎಲ್ಲಾ ಐತೆ. ಒಂದೂ ಬಿಟ್ಟಿಲ್ಲ.'

ನಾನು ಬಾಯಿ ತೆರೆಯುವಷ್ಟರಲ್ಲಿ ಕೋಡಂಗಿಯ ವೇಷದವನು ಕುಣಿಯುತ್ತ ಮುಂದೆ ಬಂದು ದುರ್ಯೋಧನನಿಗೆ ಕೈಮುಗಿದು, 'ಮಹಾರಾಜರ ಸನ್ನಿಧಾನಕ್ಕೆ ವಿಜ್ಞಾಪನೆ! ಸದರಿ ಭೀಮಸೇನನು ಸದರಿ ಬಾಗಿಲಲ್ಲಿ ಸದರಿ ಗದೆ ಹಿಡಿದು ನಿಂತವ್ನೆ!' ಎಂದ. ಜನ ಬಿದ್ದು ಬಿದ್ದು ನಕ್ಕರು. ಗಣಿ ಊರಿಗೆ ಟಾಕಿ ನೋಡಲು ಓಡಬೇಕಾಗಿದ್ದ ಹುಡುಗರೆಲ್ಲ ಅಲ್ಲೇ ಮುಂದಿನ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೇಕೆ ಹಾಕುತ್ತಿದ್ದರು.

ನನ್ನಿಂದ ತಡೆಯಲಾಗಲಿಲ್ಲ. ಇಷ್ಟು ದಿನದ್ದೆಲ್ಲ ಒಟ್ಟಿಗೆ ಉಕ್ಕಿತು. ಕಣದ ನಡುವೆ ನುಗ್ಗಿ ನಿಂತು, 'ನಿಲ್ಲಿಸ್ರೋ! ಏನಂತ ತಿಳಿದಿದೀರಿ ಇದನ್ನ? ದ್ರೌಪದಿ ಮಾನ ಹೋಗ್ತಿರೋವಾಗ ನಗ್ತೀರಾ? ನಾಚಿಕೆಯಾಗಲ್ವಾ?' ಎಂದು ಕೈಯೆತ್ತಿ ಅಬ್ಬರಿಸಿದೆ. ಹಿಂದಿನಿಂದ ಮದ್ದಳೆಯವನು ಒಂದು ಉರುಳಿಕೆ ಬಾರಿಸಿದ. ಕೂಡಲೇ ಇಡೀ ಕಣ ಚಪ್ಪಾಳೆಯಿಂದ ಎದ್ದುಹೋಯಿತು. ಹೆಂಗಸರ ಕಡೆಯಿಂದ ಯಾರೋ, 'ಯಾರಮ್ಮಾ ಈ ಹೊಸ ವೇಷ? ಚೆನ್ನಾಗಿ ಕೂಗ್ತಾನೆ' ಎಂದದ್ದೂ ಕೇಳಿಸಿತು.

'ಅಲ್ಲ ಮಾವ, ನಾನು ನಿಜವಾಗ್ಲೂ ಬೈತಾ ಇದೀನಿ!' ಎಂದೆ.

'ಬೈಯೋ, ಇನ್ನೊಸಿ ಬೈಯೋ! ತಾಳ ತಪ್ಪದಂಗೆ ಬೈಯಿ' ಎಂದ ಮಾವ. ಅವನ ಕಣ್ಣಲ್ಲಿ ನೀರಿತ್ತು, ನಕ್ಕದ್ದಕ್ಕೋ ಬೇರೆಯದಕ್ಕೋ ನಾನು ಕೇಳಲಿಲ್ಲ. ತಾಳ ಕೆಳಗಿಟ್ಟು ಹತ್ತಿರ ಬಂದು, ನನ್ನ ಭುಜದ ಮೇಲೆ ಕೈಹಾಕಿ ಮೆಲ್ಲಗೆ, 'ನನ್ನ ಗಂಟ್ಲು ಹೋಯ್ತು ಕಣೋ. ಈ ಮನೆತನದ ಗಂಟ್ಲು ನಿನ್ನ ಹತ್ರ ಐತೆ. ಸಂಕ್ರಾಂತಿ ಆಟಕ್ಕೆ ದುರ್ವಾಸ ಮುನಿ ವೇಷ ಖಾಲಿ ಐತೆ. ನಿಂಗೆ ಅಭ್ಯಾಸನೂ ಬ್ಯಾಡ, ಸುಮ್ಕೆ ಬಂದು ನಿಂತ್ರೆ ಸಾಕು' ಎಂದ.

ಸರ್ಕಾರಿ ನೌಕರಿಯಲ್ಲಿರುವ ಮೇಷ್ಟ್ರು, ಪತ್ರಿಕೆಯಲ್ಲಿ ಲೇಖನ ಬಂದಿರುವವನು, ಬಣ್ಣ ಹಚ್ಚಿಕೊಂಡು ಬಯಲಲ್ಲಿ ಕುಣಿಯುವುದೇ? ಖಂಡಿತ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದೆ ಎಂದು ಬರೆಯಲು ನನಗೂ ಆಸೆಯೇ. ಆದರೆ ಸಂಕ್ರಾಂತಿಗೆ ನಡೆದದ್ದನ್ನು ಮುಳಬಾಗಿಲಿನ ಕಡೆಯವರೆಲ್ಲ ನೋಡಿದ್ದಾರೆ. ಅದಕ್ಕೆ ಇಷ್ಟು ಮಾತ್ರ ಹೇಳುತ್ತೇನೆ: ದುರ್ವಾಸನ ಜಡೆ ನನ್ನ ತಲೆಗೆ ಬಹಳ ಬಿಗಿಯಾಗಿತ್ತು, ಮತ್ತು ಅದನ್ನು ಕಟ್ಟಿದವನ ಮೇಲೆ ನಾನು ರೇಗಿದ್ದಕ್ಕೇ ಆ ದಿನ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು.