ಬೀಗರು ನೋಡದ ಜಾಗ, ಅಥವಾ ಗುರುಪಾದಪ್ಪನ ದಿಗ್ವಿಜಯ

ತಮ್ಮನು ನವಿಲೇರಿ ಸಪ್ತಸಾಗರಗಳನ್ನು ಸುತ್ತುತ್ತ ಬೆವರು ಸುರಿಸುತ್ತಿರಲು, ಕುಳಿತಲ್ಲಿಂದೆದ್ದು ತಂದೆತಾಯಿಗೆ ಸುತ್ತು ಬಂದು, ಲೋಕಪರ್ಯಟನ ಮುಗಿಯಿತೆಂದು ಹಣ್ಣು ಗೆದ್ದುಕೊಂಡ ಲಂಬೋದರನೇ, ವೀಸಾ ಪಾಸ್‌ಪೋರ್ಟುಗಳ ಗೊಡವೆಯಿಲ್ಲದ ಪ್ರಥಮ ಪ್ರವಾಸಿಯೇ, ನಿನಗೆ ಶರಣು. ನಿನ್ನ ಬುದ್ಧಿಯ ಕಾಲುಪಾಲು ನಮ್ಮ ಕಥಾನಾಯಕನಿಗಿದ್ದರೂ ಈ ಕಥನ ಹುಟ್ಟುತ್ತಿರಲಿಲ್ಲ, ನನಗೂ ಕೆಲಸವಿರುತ್ತಿರಲಿಲ್ಲ. ಆದುದರಿಂದ ಅವನಿಗೆ ಆ ಬುದ್ಧಿಯನ್ನು ಕೊಡದಿದ್ದುದಕ್ಕೆ ಇನ್ನೊಂದು ನಮಸ್ಕಾರ.

ಕಲಿಯುಗದ ಇಳಿಹೊತ್ತಿನಲ್ಲಿ, ಮನುಜರು ಗಿರಿ ನದಿ ಗೋಪುರಗಳಿಗೆ ಬೆನ್ನು ತಿರುಗಿಸಿ ನಿಂತು ತಮ್ಮ ಮುಖವನ್ನೇ ತಾವು ಚಿತ್ರಿಸಿಕೊಳ್ಳುವುದನ್ನು ಪ್ರವಾಸವೆಂದು ಕರೆಯತೊಡಗಿದ ಆ ಶುಭಯುಗದಲ್ಲಿ, ಗದಗ ಪಟ್ಟಣದೊಳಗೆ ಒಬ್ಬ ವೀರನಿದ್ದನು. ಸ್ಟೀಲ್‌ಪಾತ್ರಾಸಹಸ್ರಾಧೀಶ್ವರನೂ, ಕುಕ್ಕರ್‌ನಾದಮಾತ್ರದಿಂದ ಅದರ ರೋಗವನ್ನರಿಯಬಲ್ಲವನೂ, ಶೇಂಗಾಚಟ್ನಿಪ್ರಿಯನೂ, ಶ್ವೇತಶ್ಮಶ್ರುವಿರಾಜಿತನೂ ಆದ ಅವನ ನಾಮಧೇಯ ಗುರುಪಾದಪ್ಪ ಮೆಣಸಿನಕಾಯಿ. ಬಸ್‌ಸ್ಟ್ಯಾಂಡಿನ ಬಳಿ ಪಾತ್ರೆ ಅಂಗಡಿ, ಮನೆಯಲ್ಲಿ ಧರ್ಮಪತ್ನಿ ಕಸ್ತೂರವ್ವ, ಲೋಕದಲ್ಲಿ ಒಬ್ಬನೇ ಒಬ್ಬ ಶತ್ರು. ಆ ಶತ್ರುವಿನ ಮನೆಗೆ ಅವನು ತನ್ನ ಒಬ್ಬಳೇ ಮಗಳನ್ನು ಸೊಸೆಯಾಗಿ ಕೊಟ್ಟಿದ್ದನು.

ಯಾರವನು? ಹುಬ್ಬಳ್ಳಿಯ ಟೈರುವ್ಯಾಪಾರಿಕುಲತಿಲಕನೂ, ಅನೇಕವಿಮಾನಾರೋಹಣಗರ್ವಿತನೂ, ಪಿಸಾ ನಗರದ ಓರೆಗೋಪುರವನ್ನು ಒಂದೇ ಅಂಗೈಯಿಂದ ತಡೆದು ನಿಲ್ಲಿಸಿದಂತೆ ಫೋಟೋ ತೆಗೆಸಿಕೊಂಡವನೂ ಆದ ನಿರ್ವಾಣೆಪ್ಪ ಬೆಲ್ಲದ. ಮದುವೆ, ಸೀಮಂತ, ಗೃಹಪ್ರವೇಶ, ಯಾವ ಸಮಾರಂಭವೇ ಇರಲಿ, ಊಟದ ಎಲೆ ಎತ್ತುವ ಮುನ್ನ ಬೆಲ್ಲದನ ಮೊಬೈಲು ಹೊರಬರುತ್ತಿತ್ತು. ಐಫೆಲ್ ಗೋಪುರ ಬರುತ್ತಿತ್ತು, ನಯಾಗರ ಸುರಿಯುತ್ತಿತ್ತು. ಹೆಣ್ಣು ಕೊಟ್ಟವನು ಗಂಡಿನ ತಂದೆಯ ಮಾತಿಗೆ ಎದುರಾಡಬಾರದೆಂಬುದು ಬೀಗರ ಧರ್ಮಶಾಸ್ತ್ರದ ಮೊದಲನೆಯ ಸೂತ್ರವಾದ್ದರಿಂದ, ಗುರುಪಾದಪ್ಪನು ಮುಗುಳ್ನಗುತ್ತ ತಲೆಯಾಡಿಸುತ್ತಿದ್ದನು. ಹೀಗೆ ಆಡಿಸಿ ಆಡಿಸಿ ಅವನ ಕತ್ತಿಗೂ ಮನಸ್ಸಿಗೂ ಒಟ್ಟಿಗೆ ನೋವು ಹತ್ತಿತು.

ಹೀಗಿರಲು ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ರಮ ಐದನೆಯ ತಿಂಗಳಿಗೆ, ತವರಿನಲ್ಲಿ, ಅಂದರೆ ಗುರುಪಾದಪ್ಪನ ಸ್ವಂತ ರಣಾಂಗಣದಲ್ಲಿ ಎಂದು ನಿಶ್ಚಯವಾಯಿತು. ಸ್ವಂತ ಊರಿನಲ್ಲಿ, ಸ್ವಂತ ಬಂಧುಗಳ ಮುಂದೆ, ಮತ್ತೊಮ್ಮೆ ನಯಾಗರಕ್ಕೆ ತಲೆಯಾಡಿಸಬೇಕೆ? ಅಂದು ಸಂಜೆ ಅವನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಬಲಗೈಯಲ್ಲಿ ಚಹದ ಲೋಟವನ್ನು ಎತ್ತಿ ಹಿಡಿದು ಭೀಕರ ಪ್ರತಿಜ್ಞೆ ಗೈದನು.

"ಕಸ್ತೂರಿ, ಕೇಳಿಲ್ಲೆ. ಅವರು ನೋಡಲಾರದ್ದನ್ನ ನಾ ನೋಡ್ತೀನಿ. ಯಾರೂ ನೋಡಲಾರದ್ದನ್ನ ನೋಡ್ತೀನಿ. ಬೀಗರು 'ಇದನ್ನ ನಾ ನೋಡಿಲ್ಲ' ಅಂತ ನಾಕು ಮಂದಿ ಮುಂದ ಬಾಯಿಬಿಟ್ಟು ಅನ್ನೂ ಮಟಾ ಚಾದಾಗ ಸಕ್ಕರಿ ಮುಟ್ಟಂಗಿಲ್ಲ."

"ಡಾಕ್ಟರೂ ಅದನ್ನ ಹೇಳ್ಯಾರ. ಈ ನೆವದಾಗಾದ್ರೂ ಬಿಡ್ರಿ," ಎಂದಳು ಕಸ್ತೂರವ್ವ.

ವಿಧಿಯ ಕುಚೋದ್ಯವನ್ನು ಏನೆಂದು ಬಣ್ಣಿಸಲಿ. ಗುರುಪಾದಪ್ಪನು ಯೂರೋಪ್ ಪ್ರವಾಸಕ್ಕೆ ಹೆಸರು ಕೊಟ್ಟ ಸುದ್ದಿ ಹುಬ್ಬಳ್ಳಿಗೆ ಮುಟ್ಟಿದ್ದೇ ತಡ, ಬೆಲ್ಲದನ ಫೋನು ಬಂದಿತು. "ನೀವ ಇಬ್ಬರ ಹೋದ್ರ ದಾರಿ ತಪ್ಪತೀರಿ ಬೀಗ್ರ. ನಾನೂ ಬರ್ತೀನಿ. ಅಲ್ಲೆ ನಡ್ಯಾಕ ಗಟ್ಟಿ ಚಪ್ಪಲ್ ಬೇಕು, ನಾ ತಗೋಳೂ ಅಂಗಡ್ಯಾಗ ನಿಮಗೂ ಒಂದು ಜೋಡಿ ತರ್ತೀನಿ." ಹೀಗೆ ಶತ್ರುವು ಕೊಡಿಸಿದ ಕಂದುಬಣ್ಣದ ಪಾದರಕ್ಷೆಗಳನ್ನು ಧರಿಸಿಯೇ ನಮ್ಮ ವೀರನು ಶತ್ರುವಿನ ಮೇಲೆ ದಂಡೆತ್ತಿ ಹೋಗಬೇಕಾಯಿತು. ಎರಡೂ ಜೋಡಿ ಒಂದೇ ಬಗೆಯವು, ಬೆಲ್ಲದನದು ಮಾತ್ರ ಒಂದು ಅಳತೆ ದೊಡ್ಡದು.

ಆ ಪ್ರವಾಸದಲ್ಲಿ ನಡೆದ ಸಂಗ್ರಾಮ ಸಾಮಾನ್ಯವಾದುದಲ್ಲ. ಬೀಗರ ಯುದ್ಧದಲ್ಲಿ ಬಾಣಗಳಿಗೆಲ್ಲ ಸಕ್ಕರೆ ಸವರಿರುತ್ತದೆ. ಹಿಮಾಚ್ಛಾದಿತ ಶಿಖರದ ಮುಂದೆ ಗುರುಪಾದಪ್ಪನು ಇನ್ನೇನು ಬಾಯಿತೆರೆಯಬೇಕು, ಆಗ ಬೆಲ್ಲದನು ಮೆಲ್ಲನೆ, "ಇದನ್ನ ನಾ ಹ್ವಾದ ಸಲಾನ ನೋಡೇನ್ರಿ ಬೀಗ್ರ. ಆವಾಗ ಇನ್ನೂ ಚೊಲೋ ಇತ್ತು," ಎನ್ನುತ್ತಿದ್ದನು. ಸರೋವರದ ಮುಂದೆಯೂ ಅದೇ ಅಸ್ತ್ರ, ಚರ್ಚಿನ ಮುಂದೆಯೂ ಅದೇ ಅಸ್ತ್ರ. "ಹೌದ್ರಿ? ನಿಮಗ ಎಲ್ಲಾ ಗೊತ್ತೈತಿ ಬಿಡ್ರಿ," ಎಂದು ನಕ್ಕು ನಮ್ಮ ನಾಯಕನು ಗಾಯವನ್ನು ಸ್ವೆಟರಿನಲ್ಲಿ ಮುಚ್ಚಿಕೊಳ್ಳುತ್ತಿದ್ದನು. ಸಕ್ಕರೆಯಿಲ್ಲದ ಚಹ ಕುಡಿದು ಅವನ ಮುಖ ಹಾಗಲಕಾಯಿಯಾಗಿತ್ತು.

ಕೊನೆಗೆ, ಚಾಲಕನ ವಿಶ್ರಾಂತಿಗೆಂದು ಬಸ್ಸು ಒಂದು ಸಣ್ಣ ಊರಿನಲ್ಲಿ ನಿಂತಿತು. ಆ ಊರಿನ ಹೆಸರಿನ ತುಂಬ ಒತ್ತಕ್ಷರಗಳಿದ್ದುದರಿಂದ ಅದನ್ನು ಉಚ್ಚರಿಸುವ ಸಾಹಸವನ್ನು ಬಸ್ಸಿನಲ್ಲಿ ಯಾರೂ ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಪ್ರವಾಸದ ದಳಪತಿ, ಬೆಂಗಳೂರಿನ ತರುಣ ಅಭಿನಂದನ್, ಎದ್ದು ನಿಂತು ಸಾರಿದನು: "ಇಲ್ಲಿ ನೋಡೋಕೆ ಏನೂ ಇಲ್ಲ ಸರ್. ಯಾರೂ ಇಲ್ಲಿ ಇಳಿಯೋದೇ ಇಲ್ಲ. ಆರಾಮಾಗಿ ಕೂತ್ಕೊಳ್ಳಿ."

ಯಾರೂ ಇಳಿಯದ ಊರು. ನೋಡಲು ಏನೂ ಇಲ್ಲದ ಊರು. ಈ ವಾಕ್ಯಗಳು ಗುರುಪಾದಪ್ಪನ ಕಿವಿಯಲ್ಲಿ ಪಾಂಚಜನ್ಯವಾಗಿ ಮೊಳಗಿದವು. ಅವನು ಆಸನದಿಂದೆದ್ದು, ಕೋಟಿನ ಗುಂಡಿಗಳನ್ನು ಕವಚದಂತೆ ಬಿಗಿದು, ಸಹಪ್ರಯಾಣಿಕರತ್ತ ತಿರುಗಿ ನುಡಿದನು: "ಮಂದಿ ನೋಡಿದ್ದನ್ನ ನೋಡಾಕ ಇಷ್ಟು ದೂರ ಬರಬೇಕೇನ್ರಿ? ಅದು ಟೀವ್ಯಾಗೂ ಕಾಣತೈತಿ. ಮಂದಿ ನೋಡಲಾರದ್ದು ಒಂದು ಇಲ್ಲೇ ಎಲ್ಲೋ ಐತಿ. ನನಗ ಅನಸತೈತಿ. ಬರೂವ್ರು ಬರ್ರಿ."

ಕುಳಿತು ಕುಳಿತು ಕಾಲು ಜೋಮು ಹಿಡಿದಿದ್ದ ಸಮಸ್ತ ಸೇನೆಯೂ ಹಿಂದೆ ಹೊರಟಿತು. ಬೆಲ್ಲದನೂ ಹೊರಟನು, ನೋಡೇಬಿಡೋಣ ಎಂಬ ಭಾವದಲ್ಲಿ. ಬೇಕರಿಯನ್ನು ದಾಟಿ, ಇಳಿಜಾರಿನ ಓಣಿಯನ್ನು ದಾಟಿ, ಊರ ತುದಿಯ ತೊರೆಯ ದಂಡೆಗೆ ಬಂದಾಗ, ಅದೋ ಕಂಡಿತು. ವರ್ತುಲಾಕಾರದ, ಗುಮ್ಮಟಶಿರದ, ಹಾವಸೆಗಟ್ಟಿದ ಪುರಾತನ ಶಿಲಾಗೃಹ. ತಗ್ಗಾದ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗಂಭೀರವಾದ ಹೂಂಕಾರವೊಂದು ಕೇಳಿಬರುತ್ತಿತ್ತು. ನಾಮಫಲಕವಿಲ್ಲ, ಟಿಕೆಟಿನ ಕಿಟಕಿಯಿಲ್ಲ, ಐಸ್‌ಕ್ರೀಮ್ ಮಾರುವವನೂ ಇಲ್ಲ.

ಗುರುಪಾದಪ್ಪನ ಕಣ್ಣು ಒದ್ದೆಯಾಯಿತು. ಅವನು ಹೊಸ್ತಿಲ ಮುಂದೆ ನಿಂತು ಚಪ್ಪಲಿ ಬಿಟ್ಟನು.

"ಇದು ಗುಡಿನೋ ಏನೋ, ಯಾರಿಗೆ ಗೊತ್ತು," ಎಂದಳು ಕಸ್ತೂರವ್ವ.

"ಗೊತ್ತಿಲ್ಲ ಅಂತನ ಬಿಟ್ಟೇನಿ. ಗುಡಿ ಆಗಿದ್ರ?"

ಇನ್ನು ಮುಂದಿನದು ನಮ್ಮ ನಾಡಿನವರಿಂದಲ್ಲದೆ ಅನ್ಯರಿಂದಾಗದ ಕಾರ್ಯ. ಒಂದು ಬಾಗಿಲ ಮುಂದೆ ಒಂದು ಜೋಡಿ ಚಪ್ಪಲಿ ಕಂಡರೆ ನಮ್ಮ ಎರಡನೆಯವನು ಯಾಕೆಂದು ಕೇಳುವುದಿಲ್ಲ, ತಾನೂ ಬಿಡುತ್ತಾನೆ. ಮೂರನೆಯವನಿಗಂತೂ ಸಂಶಯವೇ ಉಳಿಯುವುದಿಲ್ಲ. ಕ್ಷಣಾರ್ಧದಲ್ಲಿ ಬಸ್ಸಿನ ಸಮಸ್ತರ ಬೂಟು, ಸ್ಯಾಂಡಲ್ಲು, ಹವಾಯಿ ಚಪ್ಪಲಿಗಳು ಆ ಅಂಗಳದಲ್ಲಿ ಗುಡ್ಡೆಯಾದವು, ಬರಿಗಾಲಿನ ಸೇನೆ ಒಳಹೊಕ್ಕಿತು.

ಒಳಗೆ, ನಡುವೆ, ಹಸಿರುಬಣ್ಣದ ಬೃಹತ್ ಲೋಹಚಕ್ರವೊಂದು ತಿರುಗುತ್ತಿತ್ತು. ಅದರ ಸುತ್ತ ಅಜಗರಸ್ಥೂಲವಾದ ಕೊಳವೆಗಳು. ಗೋಡೆಯ ಮೇಲಿನ ಗಾಜಿನ ಬಿಲ್ಲೆಯಲ್ಲಿ ಕೆಂಪು ಮುಳ್ಳೊಂದು ನಡುಗುತ್ತಿತ್ತು. ಎಲ್ಲರೂ ಮೌನವಾಗಿ ಎಡದಿಂದ ಬಲಕ್ಕೆ ಸುತ್ತು ಬಂದರು. ಕೆಲವರು ಕೈಮುಗಿದರು. ಒಬ್ಬಾಕೆ ಚಕ್ರದ ಕಟ್ಟೆಯ ಮೇಲೆ ಒಂದು ಬಾಳೆಹಣ್ಣನ್ನಿಟ್ಟಳು.

"ಒಂಥರಾ ವಾಸನಿ ಬರಾಕತ್ತೈತಲ್ರಿ," ಎಂದಳು ಕಸ್ತೂರವ್ವ, ಸೆರಗಿನಿಂದ ಮೂಗು ಮುಚ್ಚಿ.

"ಹಳೇ ಜಾಗಾ. ಇರತೈತಿ," ಎಂದನು ಗುರುಪಾದಪ್ಪ.

ಆಗ ಬೆಲ್ಲದನು, ಬರಿಗಾಲಿನಲ್ಲಿ, ಕೈಮುಗಿದು, ಮೂರನೆಯ ಸುತ್ತು ಮುಗಿಸಿ ನಿಂತನು. ಚಕ್ರವನ್ನು ನೋಡಿದನು, ಮುಳ್ಳನ್ನು ನೋಡಿದನು, ಹೋದ ಸಲದ ಪ್ರವಾಸಗಳನ್ನೆಲ್ಲ ಮನಸ್ಸಿನಲ್ಲಿ ತಡಕಾಡಿ ಸೋತನು. "ಇದೇನ್ರಿ ಬೀಗ್ರ?" ಎಂದನು. "ಇಂಥಾದ್ದನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ."

ಅಹಹ, ದಿಕ್ಪಾಲಕರು ಹೂಮಳೆ ಸುರಿಸಿದ್ದರೆ ಅದು ಆ ಗಳಿಗೆಯಲ್ಲೇ ಸುರಿಯಬೇಕಾಗಿತ್ತು. ಗುರುಪಾದಪ್ಪನ ಎದೆ ಉಬ್ಬಿತು, ಮೀಸೆ ನಿಮಿರಿತು. ವರ್ಷಗಟ್ಟಲೆ ತಲೆಯಾಡಿಸಿದ ಕತ್ತು ನೆಟ್ಟಗಾಯಿತು. "ಇದು ಹೇಳೂವಂಥಾದ್ದಲ್ರಿ," ಎಂದು ಮೇಘಗಂಭೀರವಾಗಿ ನುಡಿದನು. "ನೋಡೂವಂಥಾದ್ದು."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ನೀಲಿ ಅಂಗಿಯ ವೃದ್ಧನು ಕಾಣಿಸಿಕೊಂಡನು. ಕಂಕುಳಲ್ಲಿ ಉದ್ದನೆಯ ಬ್ರೆಡ್ಡು, ಕೈಯಲ್ಲಿ ಬೀಗದ ಕೈ, ಮುಖದಲ್ಲಿ ಭಯವೂ ಬೆರಗೂ ಬೆರೆತ ಭಾವ. ಅವನು ತನ್ನ ಭಾಷೆಯಲ್ಲಿ ಏನೋ ಕೇಳಿದನು. ಓಡಿ ಬಂದ ಅಭಿನಂದನ್ ಅದನ್ನು ಕೇಳಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ತಿಳಿಸಿದನು.

"ಇದು ಊರಿನ ಕೊಚ್ಚೆ ನೀರು ಪಂಪ್ ಮಾಡೋ ಮನೆಯಂತೆ ಸರ್. ಇವರು ತಿಂಡಿ ತರೋಕೆ ಹೋಗಿದ್ರಂತೆ. ನೀವೆಲ್ಲ ಯಾಕೆ ಸುತ್ತು ಹಾಕ್ತಿದೀರಾ ಅಂತ ಕೇಳ್ತಿದಾರೆ."

ಬಾಳೆಹಣ್ಣಿನಾಕೆ ಬಾಳೆಹಣ್ಣನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು. ಗುರುಪಾದಪ್ಪನ ಜಯಧ್ವಜವು ಹಾರಿದ ಕಂಬದಲ್ಲೇ ತೊಪ್ಪನೆ ಕೆಳಗೆ ಜಾರಿತು. ಇನ್ನು ಬೀಗನು ನಗುತ್ತಾನೆ, ಗದಗಿನಲ್ಲಿ ನಗುತ್ತಾನೆ, ಮೊಮ್ಮಗಳ ಮದುವೆಯವರೆಗೂ ನಗುತ್ತಾನೆ ಎಂದು ಅವನು ತಲೆ ತಗ್ಗಿಸಿದನು. ಆದರೆ ಮೂರು ಸುತ್ತು ಬಂದು ಕೈಮುಗಿದವನು ನಗುವುದಾದರೂ ಹೇಗೆ? ಬೆಲ್ಲದನು ಅವನ ಹತ್ತಿರ ಸರಿದು, ಕಿವಿಯಲ್ಲಿ ಪಿಸುಗುಟ್ಟಿದನು.

"ಬೀಗ್ರ, ಇದನ್ನ ಊರಾಗ ಹೇಳೂದು ಬ್ಯಾಡ್ರಿ."

"ಏನ್ ಹೇಳೂದ್ರಿ," ಎಂದನು ಗುರುಪಾದಪ್ಪ. "ನಾವೇನ್ ನೋಡೇವಿ?"

ಸೇನೆ ಹಿಮ್ಮೆಟ್ಟಿತು. ಹೊರಗೆ ಬಂದರೆ ಇನ್ನೊಂದು ಆಶ್ಚರ್ಯ. ಬೇರೆ ಯಾವುದೋ ದೇಶದ ಪ್ರವಾಸಿಗಳ ಗುಂಪೊಂದು ಅಂಗಳದಲ್ಲಿ ನೆರೆದು ಚಪ್ಪಲಿಯ ಗುಡ್ಡೆಯ ಫೋಟೋ ತೆಗೆಯುತ್ತಿತ್ತು. ಕೆಳಗಿನಿಂದ ತೆಗೆದರು, ಮೇಲಿನಿಂದ ತೆಗೆದರು. ಊರಿನವರೂ ನಾಲ್ಕು ಜನ ಬಂದು ನೋಡುತ್ತಿದ್ದರು, ಇಂಥದ್ದನ್ನು ಅವರೂ ಕಂಡಿರಲಿಲ್ಲ. ಮಂದಿಯೆಲ್ಲ ತೆಗೆಯುವುದನ್ನು ಕಂಡು ಕಸ್ತೂರವ್ವನೂ ತನ್ನ ಮೊಬೈಲಿನಲ್ಲಿ ಒಂದನ್ನು ತೆಗೆದುಕೊಂಡಳು. ಆ ಗದ್ದಲದಲ್ಲಿ ಯಾರ ಕಾಲಿಗೆ ಯಾವುದು ಸಿಕ್ಕಿತೋ ಅದನ್ನು ಮೆಟ್ಟಿ ಎಲ್ಲರೂ ಬಸ್ಸಿನತ್ತ ಓಡಿದರು.

ತೊಟ್ಟಿಲ ಕಾರ್ಯಕ್ರಮದ ದಿನ ಬಂದಿತು. ಗದಗಿನ ಮಂಗಲ ಕಾರ್ಯಾಲಯದಲ್ಲಿ ಕೂಸಿಗೆ ಹೆಸರಿಟ್ಟು, ಹೋಳಿಗೆ ಉಂಡು, ಬಂಧುಗಳು ಕುಳಿತಿದ್ದರು. ಮಗಳು ಪ್ರತಿಭಾ ತಾಯಿಯ ಮೊಬೈಲನ್ನು ದೊಡ್ಡ ಟೀವಿಗೆ ಜೋಡಿಸಿದಳು. ಶಿಖರ ಬಂತು, ಸರೋವರ ಬಂತು. ಜನ ಆಕಳಿಸಿದರು, ಇವನ್ನೆಲ್ಲ ಬೆಲ್ಲದನ ಕೃಪೆಯಿಂದ ಅವರು ಮೊದಲೇ ನೋಡಿದ್ದರು. ಒಮ್ಮೆಲೇ ಗೋಡೆಯಗಲದ ಪರದೆಯ ಮೇಲೆ ಚಪ್ಪಲಿಯ ರಾಶಿ ಮೂಡಿತು. ಗುರುಪಾದಪ್ಪನು ರಿಮೋಟಿಗಾಗಿ ತಡಕಾಡಿದನು.

"ಇದೇನ್ರಿ ಮಾವಾರ? ಎಲ್ಲೀದು?" ಎಂದು ಅಳಿಯ ಕೇಳಿದನು.

"ಅದು ಒಂದು ಜಾಗಾ," ಎಂದನು ಗುರುಪಾದಪ್ಪ. "ಭಾಳ ಮಂದಿಗೆ ಗೊತ್ತಿಲ್ಲ."

ಎಲ್ಲರ ಕಣ್ಣೂ ಬೆಲ್ಲದನತ್ತ ತಿರುಗಿದವು. ಇವರು ನೋಡದ ಜಾಗ ಯಾವುದಿದೆ? ಒಂದು ಮಾತು ಸಾಕಾಗಿತ್ತು, ಗುರುಪಾದಪ್ಪನ ಮಾನ ಅವನದೇ ಅಂಗಳದಲ್ಲಿ ಮಣ್ಣುಪಾಲಾಗಲು. ಬೆಲ್ಲದನು ಎದ್ದು ನಿಂತನು, ಹೆಗಲ ಶಲ್ಯ ಸರಿಪಡಿಸಿಕೊಂಡನು.

"ಅದನ್ನ ನಾ ಮದಲ ನೋಡಿರಲಿಲ್ಲ," ಎಂದನು ತುಂಬಿದ ಸಭೆಯಲ್ಲಿ. "ತೋರಿಸಿದವ್ರು ನಮ್ಮ ಬೀಗ್ರು."

ಗುರುಪಾದಪ್ಪನಿಗೆ ಇಷ್ಟು ವರ್ಷ ಈ ಮನುಷ್ಯನನ್ನು ಶತ್ರುವೆಂದು ತಿಳಿದಿದ್ದಕ್ಕೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

"ಒಳಗ ಏನಿತ್ತು?" ಎಂದು ಮುಂದಿನ ಸಾಲಿನಿಂದ ಸೋದರತ್ತೆ ನೀಲವ್ವ ಕೇಳಿದಳು.

"ಗದ್ದಲ ಭಾಳಿತ್ತು, ಸರಿಯಾಗಿ ಕಾಣಲಿಲ್ಲ," ಎಂದರು ಬೀಗರಿಬ್ಬರೂ ಒಟ್ಟಿಗೆ.

ನೀಲವ್ವ ಕನ್ನಡಕ ಏರಿಸಿ ಪರದೆಯನ್ನು ನೋಡಿದಳು, ತಿರುಗಿ ಕಾರ್ಯಾಲಯದ ತೆರೆದ ಬಾಗಿಲನ್ನು ನೋಡಿದಳು. "ನಮ್ಮ ಬಾಗಲದಾಗ ಇದಕ್ಕಿಂತ ಜಾಸ್ತಿ ಬಿದ್ದಾವಲ್ಲೋ ಗುರುಪಾದ. ಇದನ್ನ ನೋಡಾಕ ವಿಮಾನ ಹತ್ತಿ ಹೋಗಿದ್ರೇನು?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೀಗರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಸಂಜೆ ಹೊರಡುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಆ ರಾಶಿಯಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕಿದರು. ಗುರುಪಾದಪ್ಪನು ಕಾಲಿಗೆ ಹಾಕಿಕೊಂಡು, "ಬೀಗ್ರ, ಆ ಊರು ಬಿಟ್ಟಾಗಿಂದ ನನ್ನ ಎಡಗಾಲಿಂದು ಸಡಲ ಆಗೇತ್ರಿ," ಎಂದನು.

"ನನ್ನ ಎಡಗಾಲಿಂದು ಆವಾಗಿಂದನ ಕಚ್ಚತೈತ್ರಿ," ಎಂದನು ಬೆಲ್ಲದ. "ಹೇಳಿದ್ರ ಅಲ್ಲಿಂದ ಓಡಿ ಬಂದದ್ದೂ ಹೇಳಬೇಕಾಗತೈತಿ ಅಂತ ಸುಮ್ನಿದ್ದೆ."

ಇಬ್ಬರೂ ತಮ್ಮ ಎಡಗಾಲುಗಳನ್ನು ನೋಡಿಕೊಂಡರು. ಗುರುಪಾದಪ್ಪನು ಬಿಚ್ಚಲು ಬಗ್ಗಿದನು.

"ಇರಲಿ ಬಿಡ್ರಿ," ಎಂದನು ಬೆಲ್ಲದ. "ಈಗ ರೂಢಿ ಆಗೇತಿ."

ಕಸ್ತೂರವ್ವ ಎರಡು ಲೋಟ ಚಹ ತಂದಿಟ್ಟಳು. ಗುರುಪಾದಪ್ಪನು ತನ್ನದನ್ನು ಒಂದು ಗುಟುಕು ಕುಡಿದು ನೋಡಿ, ಸಕ್ಕರೆ ಹಾಕೆಂದು ಹೇಳಿದನು. ಡಾಕ್ಟರು ಬೇಡವೆಂದಿದ್ದಾರೆಂದು ಅವಳು ಹಾಕಲಿಲ್ಲ.